ಬೀಟ್ರೂಟಿಗೆ ಇಷ್ಟು ದುಡ್ಡಾ?

ಪ್ರಶ್ನೆ: ಮಗ ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾನೆ. ನಾವು ಹೋದಾಗ ‘ಆರ್ಪೆಜ್’ ಅನ್ನುವ ಹೋಟೆಲಿನಲ್ಲಿ ಊಟ ಹಾಕಿಸುತ್ತಾನಂತೆ. ಬರೀ ತರಕಾರಿ. ಮಧ್ಯಾಹ್ನದ ಊಟಕ್ಕೇ ತಲೆಗೆ 260 ಯೂರೋ! ನಾವು ಸಸ್ಯಾಹಾರಿಗಳು, ಸರಿ. ಆದರೆ ಬೀಟ್ರೂಟ್ ತಿನ್ನೋಕೆ ಇಷ್ಟು ಕೊಡಬೇಕಾ ಸಾರ್?
– ಓದುಗರು, ಮೈಸೂರು

ಉತ್ತರ: ಮಗ ಕೊಡಿಸುತ್ತಾನೆ ಅಂದರೆ ಸುಮ್ನೆ ಹೋಗಿ ಬನ್ನಿ ತಾಯಿ. ನಾನಾಗಿದ್ದರೆ ಮರುಮಾತಾಡದೆ ಹೊರಡುತ್ತಿದ್ದೆ.

ಇನ್ನು ದುಡ್ಡಿನ ಮಾತು. ಹೋಟೆಲ್ ಅಡುಗೆಮನೆಯಲ್ಲೇ ಕೂದಲು ಬೆಳ್ಳಗಾದವನು ನಾನು. ತರಕಾರಿ ಅಗ್ಗ ಇರಬಹುದು, ಅದರ ಕೆಲಸ ಅಗ್ಗ ಅಲ್ಲ. ಸೊಪ್ಪು ಬಿಡಿಸಲು ಕೂತವರನ್ನು ಕೇಳಿ. ಆರ್ಪೆಜ್‌ನ ಬಾಣಸಿಗ ಅಲೇನ್ ಪಸ್ಸಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು, ತರಕಾರಿಯನ್ನು ತಾವೇ ಬೆಳೆಸಲು ನಿಂತರು. ಅವರ ಹೋಟೆಲಿಗೆ 1996ರಲ್ಲೇ ಮಿಶೆಲಿನ್ ಅನ್ನುವ ಹೋಟೆಲ್ ಗೈಡ್‌ನ ಮೂರು ನಕ್ಷತ್ರ, ಅಂದರೆ ಅದರ ಅತಿ ದೊಡ್ಡ ಗೌರವ, ಸಿಕ್ಕಿತ್ತು. ಹಾಗಿದ್ದೂ 2001ರಲ್ಲಿ ದನ, ಕುರಿ ಮಾಂಸವನ್ನು ಮೆನುವಿನಿಂದ ತೆಗೆದರು. ನಕ್ಷತ್ರ ಮಾತ್ರ ಒಂದೂ ಹೋಗಲಿಲ್ಲ! ಮರುವರ್ಷ ಪ್ಯಾರಿಸ್‌ನಿಂದ ಸುಮಾರು 200 ಕಿ.ಮೀ. ದೂರದ ಸಾರ್ತ್ ಪ್ರದೇಶದಲ್ಲಿ ತೋಟ ಮಾಡಿದರು. ಅಲ್ಲಿ ಉಳುವುದು ಕುದುರೆ. ಮಣ್ಣು ಮರಳು, ಕ್ಯಾರೆಟ್ಟಿಗೆ ಒಗ್ಗುತ್ತದೆ. ಆಮೇಲೆ ಜೇಡಿಮಣ್ಣಿರುವ ಇನ್ನೊಂದು ಕಡೆಯೂ ತೋಟ ಮಾಡಿದರು.

ನೀವು ಕೇಳಿದ ಬೀಟ್ರೂಟಿನ ಕಥೆಯೂ ಕೇಳಿ. ಸಿಪ್ಪೆ ತೆಗೆಯದೆ, ಇಡೀ ಗೆಡ್ಡೆಯನ್ನು ಬೂದುಬಣ್ಣದ ಕಲ್ಲುಪ್ಪಿನ ಗುಡ್ಡೆಯೊಳಗೆ ಹೂತು ಓವನ್‌ಗೆ ಇಡುತ್ತಾರೆ. ಸಣ್ಣ ಉರಿ, ಗಂಟೆಗಟ್ಟಲೆ ಕೆಲಸ. ಉಪ್ಪು ಗಟ್ಟಿ ಚಿಪ್ಪಾಗುತ್ತದೆ. ಗೆಡ್ಡೆ ತನ್ನ ನೀರಿನಲ್ಲೇ ಬೇಯುತ್ತದೆ. ಗೊಜ್ಜಿಗೆ ನಾವು ಬದನೆಕಾಯಿಯನ್ನು ಇಡಿಯಾಗಿ ಕೆಂಡದಲ್ಲಿ ಸುಡುವುದಿಲ್ಲವೇ, ಅದೇ ಉಪಾಯ. ನೀರಿನಲ್ಲಿ ಬೇಯಿಸಿದರೆ ರುಚಿ ಅರ್ಧ ಬಸಿದು ಹೋಗುತ್ತದೆ, ಅಲ್ವಾ?

ಹಾಗಂತ 260 ಯೂರೋ ಪೂರ್ತಿ ಮಣ್ಣಿಗೆ, ಬೆವರಿಗೆ ಹೋಗುತ್ತದೆ ಅಂತ ನಾನು ಹೇಳಲಾರೆ. ಫ್ರಾನ್ಸಿನ ಪ್ರಧಾನಿ ಕಚೇರಿ ಇರುವ ಬೀದಿ ಅದು. ಜಾಗಕ್ಕೂ ಹೆಸರಿಗೂ ಸೇರಿಸಿಯೇ ಬಿಲ್ ಬರೆಯುತ್ತಾರೆ. ತರಕಾರಿ ಊಟ ಪರಿಸರಕ್ಕೆ ಒಳ್ಳೆಯದು ಅನ್ನುವ ಮಾತನ್ನೇ ನಂಬಿ ಹೋಗಬೇಡಿ, ಕೈಕೆಲಸ ನೋಡಲು ಹೋಗಿ.

ಒಂದು ಎಚ್ಚರಿಕೆ. 2025ರ ಜುಲೈನಿಂದ ಅಲ್ಲಿ ಮೀನು, ಕೋಳಿ, ಮೊಟ್ಟೆ ಜೊತೆಗೆ ಹಾಲು, ಬೆಣ್ಣೆಯೂ ಬಂದ್. ಪ್ರಾಣಿಮೂಲದ್ದು ಅಂತ ಉಳಿದಿರುವುದು ಅವರದೇ ಗೂಡಿನ ಜೇನುತುಪ್ಪ ಮಾತ್ರ. ಕೊನೆಗೆ ಮೊಸರನ್ನ ಬೇಕೇ ಬೇಕು ಅನ್ನುವ ಯಜಮಾನರಿದ್ದರೆ ಮೊದಲೇ ಹೇಳಿ ಒಪ್ಪಿಸಿ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಾದರೆ ಟೇಬಲ್ ಕಾಯ್ದಿರಿಸುವಾಗಲೇ ಮಗ ತಿಳಿಸಲಿ. ಊಟ ನಿಧಾನ, ಒಂದೊಂದೇ ತಟ್ಟೆ ಬರುತ್ತದೆ. ಮಧ್ಯಾಹ್ನವೇ ವಾಸಿ, ರಾತ್ರಿ ಬೆಲೆ ಇನ್ನೂ ಜಾಸ್ತಿ. ಶನಿವಾರ, ಭಾನುವಾರ ಬಾಗಿಲು ಹಾಕಿರುತ್ತಾರೆ, ಮಗನಿಗೆ ರಜೆ ಹಾಕಲು ಹೇಳಿ.