ಘಟ್ಟದಲ್ಲಿ ಲೋಡ್ ಹೊರುವ ಆಟೋಮ್ಯಾಟಿಕ್ ಡೀಸೆಲ್ ಪಿಕಪ್‌ನ ಗೇರ್‌ಬಾಕ್ಸನ್ನು ಕಡಿಮೆ ಖರ್ಚಿನಲ್ಲಿ ಗಟ್ಟಿ ಮಾಡುವುದು ಹೇಗೆ?

ಮೊದಲು ಆಯಿಲ್, ಆಮೇಲೆ ಕೂಲರ್. ಒಳಗಿನ ಭಾಗಗಳಿಗೆ ಈಗಲೇ ಕೈ ಹಾಕಬೇಡಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ದೊಡ್ಡ ಶತ್ರು ಬಿಸಿ. ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಾಟಿಯನ್ನು ನಿಧಾನಕ್ಕೆ ಹತ್ತುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹೆಚ್ಚು ಹೊತ್ತು ಲಾಕ್ ಆಗದೆ, ಅಂದರೆ ನೇರ ಜೋಡಣೆಯಾಗದೆ ಓಡುತ್ತದೆ. ಎಂಜಿನ್ ಶಕ್ತಿಯ ಒಂದು ಪಾಲು ಆಯಿಲನ್ನು ಕಾಯಿಸುವುದಕ್ಕೇ ಹೋಗುತ್ತದೆ. 80–95 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಯಿಲ್ಲ. 120 ದಾಟಿ ಅಲ್ಲೇ ನಿಂತರೆ ಆಯಿಲ್ ಬೇಗ ಕೆಡುತ್ತದೆ, ಆಮೇಲೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್‌ಗಳ ಸರದಿ. ಗಾಡಿಯ ಕಂಪ್ಯೂಟರ್ ಓದುವ ಅಗ್ಗದ ಒಬಿಡಿ ಸ್ಕ್ಯಾನರ್ ಹಾಕಿ ಮೊಬೈಲ್‌ನಲ್ಲೇ ಈ ಬಿಸಿ ನೋಡಬಹುದು. ಆದರೆ ಎಲ್ಲ ಗಾಡಿಗಳಲ್ಲೂ ಸಿಗುವುದಿಲ್ಲ.

ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿಸಿ. ಇದರಲ್ಲಿ ಮಾತ್ರ ಚೌಕಾಸಿ ಬೇಡ. ಒಮ್ಮೆ ಬಸಿದರೆ ಪೂರ್ತಿ ಹೊರಗೆ ಬರುವುದಿಲ್ಲ, ಕನ್ವರ್ಟರ್‌ನಲ್ಲಿ ಬಹಳಷ್ಟು ಉಳಿಯುತ್ತದೆ. ಸ್ವಲ್ಪ ಓಡಿಸಿ ಮತ್ತೆ ಬದಲಿಸಿದರೆ ಒಳ್ಳೆಯದು.

ಆಮೇಲೂ ಬಿಸಿ ಏರಿದರೆ ರೇಡಿಯೇಟರ್ ಮುಂದೆ ಹೆಚ್ಚುವರಿ ಆಯಿಲ್ ಕೂಲರ್ ಕೂರಿಸಿ. ವಾರಂಟಿ ಇದ್ದರೆ ಮೊದಲು ಕೇಳಿ. ಕಾರವಾರದಂಥ ಕರಾವಳಿ ಊರುಗಳ ಕಡೆ ಉಪ್ಪುಗಾಳಿ ಜಾಸ್ತಿ ಅಲ್ವಾ, ಅದರ ರೆಕ್ಕೆಗಳನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯಬೇಕು.

ಎಂಜಿನ್ ರೀಮ್ಯಾಪ್ (ಶಕ್ತಿ ಏರಿಸಲು ಎಂಜಿನ್‌ನ ಸಾಫ್ಟ್‌ವೇರ್ ಬದಲಿಸುವುದು) ಖಂಡಿತ ಬೇಡ. ಟಾರ್ಕ್, ಅಂದರೆ ತಿರುಗಿಸುವ ಬಲ, ಏರಿದಷ್ಟೂ ಹಳೇ ಕ್ಲಚ್‌ಗಳು ಜಾರುತ್ತವೆ. ಘಾಟಿಯಲ್ಲಿ ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಕೆಳಗಿನ ಗೇರನ್ನೇ ಹಿಡಿದು ಹತ್ತಿ. ಇಳಿಯುವಾಗಲೂ ಹಾಗೇ ಮಾಡಿ, ಬ್ರೇಕ್ ಕೂಡ ಉಳಿಯುತ್ತದೆ.