ಬೆರಳಿಗೆ ಪೆಟ್ಟಾದ ಮೇಲೆ ನನ್ನ ಸ್ನೂಕರ್ ಆಟ ಸುಧಾರಿಸಿದೆ. ಇದು ಕಾಕತಾಳೀಯವೇ? ಗಾಯ ಮಾಗಿದ ಮೇಲೂ ಉಳಿಯುತ್ತಾ?

ಕಾಕತಾಳೀಯ ಅಲ್ಲ. ಕ್ಯೂ (ಚೆಂಡು ಹೊಡೆಯುವ ಕೋಲು) ಹಿಡಿಯುವ ಕೈಯ ಉಂಗುರಬೆರಳಿಗೆ ಪೆಟ್ಟಾಗಿದೆ, ಬ್ಯಾಂಡೇಜ್ ಕಟ್ಟಿಕೊಂಡೇ ಆಡುತ್ತಿದ್ದೇನೆ, ದೂರದ ಪಾಟ್‌ಗಳು, ಅಂದರೆ ದೂರದಿಂದ ಪಾಕೆಟ್‌ಗೆ ಹೊಡೆಯುವ ಚೆಂಡುಗಳು, ಮೊದಲಿಗಿಂತ ಜಾಸ್ತಿ ಬೀಳುತ್ತಿವೆ ಅಂತ ಬರೆದಿದ್ದೀರಿ. ಉತ್ತರ ಆ ಬೆರಳಲ್ಲೇ ಇದೆ. ಅದಕ್ಕೀಗ ಕ್ಯೂವನ್ನು ಬಿಗಿಯಾಗಿ ಹಿಡಿಯಲು ಆಗುತ್ತಿಲ್ಲ. ಹಾಗಾಗಿ ಕ್ಯೂ ನೆಟ್ಟಗೆ ಹೋಗುತ್ತಿದೆ.

ನಾನು ಶಿರಸಿಯವನು, ನನಗೂ ಹೀಗೇ ಆಗಿತ್ತು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಬಲ ಅಂಗೈಯಲ್ಲಿ, ಕಿರುಬೆರಳಿನ ಬುಡಕ್ಕೆ ಗಾಯವಾಯಿತು. ಹೊಲಿಗೆ ಬೇಕಾಗಲಿಲ್ಲ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು, ಗಾಯ ಒಣಗುತ್ತಾ ಬಂದ ಮೇಲೆ ಆಟಕ್ಕೆ ಹೋದೆ. ಕೊನೆಯ ಎರಡು ಬೆರಳು ಮಡಚಿದರೆ ಚುರ್ ಅನ್ನುತ್ತಿತ್ತು. ಅದಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಇಷ್ಟರಲ್ಲೇ ಕ್ಯೂ ಹಿಡಿದೆ. ಉಳಿದೆರಡು ಬೆರಳು ಸುಮ್ನೆ ಪಕ್ಕದಲ್ಲಿದ್ದವು. ಆವತ್ತು ನೀಲಿ ಚೆಂಡನ್ನು ದೂರದ ಮೂಲೆಯ ಪಾಕೆಟ್‌ಗೆ ಹೊಡೆದಾಗ ಬಂದ ಸದ್ದೇ ಬೇರೆ ಇತ್ತು. ಟಿಪ್ (ಕ್ಯೂವಿನ ಮುಂತುದಿ) ಬಿಳಿ ಚೆಂಡಿನ ನಟ್ಟನಡುವೆ ತಾಗಿದಾಗ ಮಾತ್ರ ಬರುವ ಶುದ್ಧ ಸದ್ದು ಅದು. ಆಡುವವರಿಗೆ ಗೊತ್ತಿರುತ್ತದೆ ಅಲ್ವಾ?

ಇದರ ಹಿಂದಿನ ಲೆಕ್ಕ ಹೇಳುತ್ತೇನೆ. ತೋಳು ಹಿಂದಕ್ಕೆ ತೂಗುವಾಗ ಕೈ ಸ್ವಲ್ಪ ಮೇಲೇಳುತ್ತದೆ. ಆಗ ಹಿಂದಿನ ಬೆರಳುಗಳು ಬಿಚ್ಚಿಕೊಂಡರೆ ಕ್ಯೂ ಸಮಮಟ್ಟದಲ್ಲೇ ಇರುತ್ತದೆ. ಮುಷ್ಟಿ ಮುಚ್ಚಿಯೇ ಇದ್ದರೆ ಕ್ಯೂವಿನ ಹಿಂಭಾಗವೂ ಕೈ ಜೊತೆ ಮೇಲೇಳುತ್ತದೆ, ಟಿಪ್ ಕೆಳಗಿಳಿಯುತ್ತದೆ. ಹೊಡೆಯುವ ಗಳಿಗೆಯಲ್ಲಿ ಇನ್ನಷ್ಟು ಬಿಗಿ ಹಿಡಿದರಂತೂ ಮಣಿಕಟ್ಟು ತಿರುಗುತ್ತದೆ. ಚೆಂಡಿನ ವ್ಯಾಸ 52.5 ಮಿಲಿಮೀಟರ್. ಟಿಪ್ ನಡುವಿನಿಂದ ಒಂದೆರಡು ಮಿಲಿಮೀಟರ್ ಆಚೀಚೆ ತಾಗಿದರೂ ಕ್ಯೂನಿಂದ ಹೊಡೆಯುವ ಬಿಳಿ ಚೆಂಡಿಗೆ ಬೇಡದ ಸೈಡ್, ಅಂದರೆ ಪಕ್ಕಕ್ಕೆ ತಿರುಗುವ ಸುತ್ತು, ಬರುತ್ತದೆ. ಹತ್ತಿರದ ಪಾಟ್‌ನಲ್ಲಿ ಅದು ಗೊತ್ತೇ ಆಗಲ್ಲ. ದೂರದ ಪಾಟ್‌ನಲ್ಲಿ ಚೆಂಡು ಪಾಕೆಟ್ ಬಾಯಿಗೆ ಬಡಿದು ಹೊರಗೇ ನಿಲ್ಲುತ್ತದೆ. ನಿಮಗೆ ದೂರದ ಪಾಟ್‌ಗಳಲ್ಲೇ ವ್ಯತ್ಯಾಸ ಕಂಡಿದ್ದು ಇದಕ್ಕೇ.

ಇನ್ನೊಂದು, ನೋವಿನ ಭಯಕ್ಕೆ ಯಾರೂ ಜೋರಾಗಿ ಹೊಡೆಯಲ್ಲ. ಕ್ಯೂ ಹಿಂದೆಳೆಯುವುದು ಕಡಿಮೆಯಾಗುತ್ತದೆ, ತಲೆ ಅಲ್ಲಾಡದೆ ನಿಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಬಿಗಿ ಹಿಡಿತಕ್ಕೆ ಮಳೆಯೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ. ಕಾರವಾರ ಇರಲಿ, ಶಿರಸಿ ಇರಲಿ, ಜೂನ್ ಬಂತೆಂದರೆ ಗೋಡೆಗಳೂ ಬೆವರುತ್ತವೆ. ಟೇಬಲ್ ಮೇಲಿನ ಉಣ್ಣೆಯ ಬಟ್ಟೆ ತೇವ ಹೀರಿಕೊಂಡು ಚೆಂಡಿನ ಓಟ ನಿಧಾನವಾಗುತ್ತದೆ. ದೊಡ್ಡ ಟೂರ್ನಿಗಳಲ್ಲಿ ಬಟ್ಟೆಯ ಅಡಿಯಲ್ಲಿರುವ ಸ್ಲೇಟ್ ಕಲ್ಲಿನ ಕೆಳಗೆ ಹೀಟರ್ ಇಟ್ಟು ಬಟ್ಟೆ ಒಣಗಿಸಿಡುತ್ತಾರೆ, ನಾವು ಆಡುವ ಕಡೆ ಅದಿಲ್ಲ. 12 ಅಡಿ ಟೇಬಲ್‌ನ ಆ ತುದಿಗೆ ಹೋಗಿ ಬರಬೇಕೆಂದರೆ ಬೀಸಿ ಹೊಡೆಯಲೇಬೇಕು. ಬೀಸಿ ಹೊಡೆಯುವಾಗ ಮುಷ್ಟಿ ತಾನಾಗಿ ಬಿಗಿಯಾಗುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಟ್ಟೆ ಒಣಗಿ ಟೇಬಲ್ ಚುರುಕಾಗಿರುತ್ತದೆ, ಆದರೆ ಕೈ ಇನ್ನೂ ಮಳೆಗಾಲದಲ್ಲೇ ಇರುತ್ತದೆ.

ದೊಡ್ಡ ಆಟಗಾರರ ಉದಾಹರಣೆ ಕೇಳಿದ್ದಿರಿ. ಇಂಗ್ಲೆಂಡಿನ ಸ್ನೂಕರ್ ಆಟಗಾರ ರಾನಿ ಓಸಲಿವನ್ 2014ರ ಯುಕೆ ಚಾಂಪಿಯನ್‌ಶಿಪ್ ಆಡಿದ್ದು ಮುರಿದ ಕಾಲಿನಲ್ಲಿ. ಓಡಲು ಹೋದಾಗ ಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು. ಅದೇ ಟೂರ್ನಿಯಲ್ಲಿ 147, ಅಂದರೆ ಒಂದೇ ಸರದಿಯ ಗರಿಷ್ಠ ಅಂಕ, ಹೊಡೆದರು, ಫೈನಲ್‌ನಲ್ಲಿ ಜಡ್ ಟ್ರಂಪ್ ಅವರನ್ನು 10-9ರಿಂದ ಸೋಲಿಸಿದರು. ಕಾಲು ಮುರಿದಿದ್ದರಿಂದ ಅವರ ಆಟ ಸುಧಾರಿಸಿತು ಅಂತ ನಾನು ಹೇಳಲ್ಲ. ಕ್ಯೂ ತೂಗುವ ತೋಳು ಸರಿಯಿದ್ದರೆ ಉಳಿದ ನೋವಿನ ಜೊತೆಗೂ ಆಡಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಹಾಗಾಗಿ ಮಣಿಕಟ್ಟು, ಮೊಣಕೈ ಅಥವಾ ಭುಜ ನೋಯುತ್ತಿದ್ದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೇ ಬೇರೆ ಆಗಿರುತ್ತಿತ್ತು. ಅಲ್ಲಿ ನೋವು ತಪ್ಪಿಸಲು ಹೋದರೆ ತೋಳು ಅಡ್ಡದಾರಿ ಹಿಡಿಯುತ್ತದೆ, ಆ ಚಾಳಿ ಬಿಡಿಸುವುದು ಬಹಳ ಕಷ್ಟ.

ಇನ್ನು, ಉಳಿಯುತ್ತಾ? ತಾನಾಗಿ ಉಳಿಯಲ್ಲ. ನೋವು ಹೋದ ಕೂಡಲೇ ಹಳೆಯ ಬಿಗಿ ಮೆಲ್ಲಗೆ ವಾಪಸ್ ಬರುತ್ತದೆ. ನಾನು ಬ್ಯಾಂಡೇಜ್ ಬಿಚ್ಚಿದ ಮೇಲೂ ಆ ಜಾಗಕ್ಕೆ ಒಂದು ಸುತ್ತು ಟೇಪ್ ಹಾಕಿಕೊಂಡೇ ಆಡುತ್ತಿದ್ದೆ. ಬೆರಳು ಮಡಚಿದರೆ ಟೇಪ್ ಎಳೆದಂತಾಗಿ ನೆನಪಾಗುತ್ತದೆ. ಇವತ್ತಿಗೂ ಆಟಕ್ಕೆ ಮೊದಲು ಕೊನೆಯ ಎರಡು ಬೆರಳು ಪೂರ್ತಿ ಬಿಟ್ಟು ಸ್ವಲ್ಪ ಹೊತ್ತು ಬರೀ ಬಿಳಿ ಚೆಂಡು ಹೊಡೆಯುತ್ತೇನೆ.

ನೀವು ಈಗಲೇ, ಗಾಯ ಇರುವಾಗಲೇ, ಒಂದು ಪರೀಕ್ಷೆ ಮಾಡಿ. ಬಣ್ಣದ ಚೆಂಡುಗಳನ್ನೆಲ್ಲ ತೆಗೆದು, ಬಿಳಿ ಚೆಂಡನ್ನು ಕಂದು ಚೆಂಡಿನ ಜಾಗದಲ್ಲಿ (ಟೇಬಲ್‌ನ ಈ ತುದಿಯ ಅಡ್ಡಗೆರೆಯ ನಡುವೆ) ಇಡಿ. ನೀಲಿ, ಪಿಂಕ್, ಕಪ್ಪು ಚೆಂಡಿನ ಗುರುತುಗಳ ಮೇಲೆ ಹಾದು ಎದುರಿನ ಕುಶನ್‌ಗೆ (ಟೇಬಲ್‌ನ ರಬ್ಬರ್ ಅಂಚಿಗೆ) ತಾಗುವ ಹಾಗೆ ಹೊಡೆದು, ಕ್ಯೂವನ್ನು ಹಾಗೇ ಚಾಚಿ ಹಿಡಿದುಕೊಳ್ಳಿ. ವಾಪಸ್ ಬಂದ ಚೆಂಡು ಟಿಪ್‌ಗೇ ತಾಗಬೇಕು. ಟಿಪ್ ನಡುವಿನಿಂದ ಬಲಕ್ಕೆ ತಾಗಿದ್ದರೆ ಕುಶನ್ ಮುಟ್ಟಿದ ಮೇಲೆ ಚೆಂಡು ಬಲಕ್ಕೆ ವಾಲುತ್ತದೆ, ಎಡಕ್ಕೆ ತಾಗಿದ್ದರೆ ಎಡಕ್ಕೆ. ಹೇಗೆ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಬೆರಳು ಪೂರ್ತಿ ವಾಸಿಯಾದ ಮೇಲೆ ಇದನ್ನೇ ಮತ್ತೆ ಮಾಡಿ, ಎರಡೂ ಸಲ ಚೆಂಡು ಯಾವ ಕಡೆ ವಾಲಿತು ಅಂತ ನನಗೆ ತಿಳಿಸಿ. ಮುಂದಿನದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.