ಮಿಂಚುಹುಳ ಬೊಂಡಾಸ್ ಮತ್ತು ಲ್ಯಾಂಟರ್ನ್ ಶಾರ್ಕ್: ಟ್ಯಾಂಕಿಗೆ ಎರಡೂ ಬೇಡ

ಮೇಡಂ, ನೀವು ಹಾಕಿದ ಎರಡೂ ವಿಡಿಯೋ ನೋಡಿದೆ. ಒಂದು ಜಪಾನಿನ ಹೊತಾರು ಇಕಾ, ಅಂದರೆ ಮಿಂಚುಹುಳ ಬೊಂಡಾಸ್ (ಬೊಂಡಾಸ್ ಅಂದರೆ ಸ್ಕ್ವಿಡ್). ಇನ್ನೊಂದು ವೆಲ್ವೆಟ್ ಬೆಲ್ಲಿ ಲ್ಯಾಂಟರ್ನ್ ಶಾರ್ಕ್. ಎರಡೂ ಮೈಯಿಂದ ಬೆಳಕು ಸೂಸುವ ಆಳಸಮುದ್ರದ ಜೀವಿಗಳು. ಎರಡರದ್ದೂ ಒಂದೇ ಥರದ ಬೆಳಕಾ, ಟ್ಯಾಂಕಿನಲ್ಲಿ ಸಾಕಬಹುದಾ ಅಂತ ಕೇಳಿದ್ದೀರಿ.

ಬೊಂಡಾಸ್ ನಮ್ಮ ಬೆರಳುದ್ದ, ದೇಹ ಸುಮಾರು 7 ಸೆಂ.ಮೀ. ಶಾರ್ಕ್ ಮೊಳದುದ್ದ, ಸುಮಾರು 45 ಸೆಂ.ಮೀ. ಇದು ಅಟ್ಲಾಂಟಿಕ್, ಮೆಡಿಟರೇನಿಯನ್ ಕಡೆಯದು. ಹಾಗಾಗಿ ಇವೆರಡೂ ಎದುರುಬದುರಾಗುವ ಮಾತೇ ಇಲ್ಲ.

ಹೊಟ್ಟೆಯ ಬೆಳಕಿನ ಕೆಲಸ ಮಾತ್ರ ಎರಡರಲ್ಲೂ ಒಂದೇ. ಆಳದಲ್ಲಿ ಮೇಲಿನಿಂದ ಮಂಕು ನೀಲಿ ಬೆಳಕು ಇಳಿಯುತ್ತಿರುತ್ತದೆ. ಕೆಳಗಿರುವ ಶತ್ರುವಿಗೆ ಮೇಲೆ ಈಜುವ ಪ್ರಾಣಿ ಕಪ್ಪಗೆ ಕಾಣುತ್ತದೆ. ಹೊಟ್ಟೆಯೂ ಅಷ್ಟೇ ಮಂಕಾಗಿ ಬೆಳಗಿದರೆ ಆ ಕಪ್ಪು ಮಾಯ. ಅಡಗಿಕೊಳ್ಳೋಕೆ ದೀಪ ಹಚ್ಚೋದು, ನೋಡಿ!

ನನಗೆ ಮಜಾ ಅನಿಸುವುದು ಸ್ವಿಚ್ಚು. ಶಾರ್ಕಿನ ದೀಪಕ್ಕೆ ಹಾರ್ಮೋನೇ ಸ್ವಿಚ್ಚು. ನಮಗೆ ರಾತ್ರಿ ನಿದ್ದೆಯ ಹೊತ್ತಿಗೆ ಏರುವ ಮೆಲಟೋನಿನ್ ಇದೆಯಲ್ಲ, ಅದೇ. ಬೆಳಕು ನಿಧಾನಕ್ಕೆ ಏರಿ ಗಂಟೆಗಟ್ಟಲೆ ನಿಲ್ಲುತ್ತದೆ. ಬೊಂಡಾಸಿನ ಒಂದು ಜೋಡಿ ತೋಳಿನ ತುದಿ ನೋಡಿ: ಸಾಸಿವೆ ಕಾಳಿನಂಥ ಮೂರು ಮೂರು ಕಪ್ಪು ಚುಕ್ಕೆ. ಮುಟ್ಟಿದರೆ ಅವೇ ಫಕ್ಕನೆ ನೀಲಿಯಾಗಿ ಮಿನುಗುತ್ತವೆ. ನಿಮ್ಮ ವಿಡಿಯೋದಲ್ಲಿ ಜಾಸ್ತಿ ಹೊಳೆಯುವುದು ಇವೇ. ಶಾರ್ಕಿನ ಬೆನ್ನಿನ ಎರಡು ರೆಕ್ಕೆಗಳ ಮುಂದೆ ಒಂದೊಂದು ಮುಳ್ಳಿದೆ, ಅದರ ಹಿಂದೆಯೂ ಬೆಳಕಿನ ಸಾಲು. ‘ಹತ್ತಿರ ಬರಬೇಡ’ ಅನ್ನೋ ಬೋರ್ಡು ಅದು ಅಂತ ಸಂಶೋಧಕರ ಊಹೆ.

ಸಾಕೋದು? ಬೇಡವೇ ಬೇಡ. ಬೊಂಡಾಸಿಗೆ ಆಯಸ್ಸೇ ಒಂದು ವರ್ಷ, ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಶಾರ್ಕ್ ಮರಿ ಹಾಕುವ ಜಾತಿ, ಬೆಳವಣಿಗೆ ನಿಧಾನ. ಎರಡಕ್ಕೂ ತಣ್ಣೀರು, ಕತ್ತಲೆ ಬೇಕು. ನನ್ನ ಪುಟ್ಟ ಟ್ಯಾಂಕಿನ ನೀರು ತಣ್ಣಗಿಡುವ ಯಂತ್ರವೇ (ಚಿಲ್ಲರ್) ಬೇಸಿಗೆಯಲ್ಲಿ ಕರೆಂಟು ಹೋದಾಗ ಕೈಕೊಟ್ಟಿದೆ, ಇನ್ನು ಇವುಗಳ ಗತಿ!

ನೋಡಲೇಬೇಕು ಅಂದರೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದೊಳಗೆ ಜಪಾನಿನ ತೊಯಾಮ ಕೊಲ್ಲಿಗೆ ಹೋಗಿ. ಅಲ್ಲಿನ ನಮೆರಿಕಾವ ಊರಿನಿಂದ ಬೆಳಗಿನ ಜಾವಕ್ಕೂ ಮೊದಲು ದೋಣಿ ಹೊರಡುತ್ತದೆ. ಬಲೆ ಎಳೆದಾಗ ನೀರೆಲ್ಲ ನೀಲಿ. ಅಲ್ಲಿ ಬೊಂಡಾಸ್ ತಿನ್ನುವುದಾದರೆ ಬೇಯಿಸಿದ್ದನ್ನೇ ಕೇಳಿ. ಹಸಿಯದರ ಹೊಟ್ಟೆಯಲ್ಲಿ ಹುಳ ಇರಬಹುದು.